ಸಮುದ್ರಕ್ಕೆ ಹೋದ ಜಾಲಿ ಗೂಟ

ಬೈಲಹೊಂಗಲಕ್ಕೆ ಸಮುದ್ರ ಇಲ್ಲ. ಕಿತ್ತೂರಿಗೆ ಇಲ್ಲ, ರಾಮದುರ್ಗಕ್ಕೂ ಇಲ್ಲ. ಸವದತ್ತಿಗೆ ಮಲಪ್ರಭೆಯ ಹಿನ್ನೀರಿದೆ. ಅದರಲ್ಲಿ ಏಳುವ ತೆರೆ ನಿಂತ ಮನುಷ್ಯನ ಮೊಳಕಾಲು ಮುಟ್ಟಿದರೆ ಅದೇ ಹೆಚ್ಚು. ಮೂರನೇ ಇಯತ್ತೆಯ ಹುಡುಗನಿಗೂ ಗೊತ್ತಿರುವ ಸಂಗತಿ ಇದು. ಆದರೂ ಹೋದ ವರ್ಷ ದಸರೆಗೆ ಮುಂಚೆ ಒಂದು ಸಮುದ್ರದ ಬೋಟು, ಕಿತ್ತೂರಿನ ಹತ್ತಿರ ಹೆದ್ದಾರಿ ಬಿಟ್ಟು, ಸಂಪಗಾಂವ ದಾಟಿ, ಟ್ರೇಲರಿನ ಮೇಲೆ ಕೂತು ಬೈಲಹೊಂಗಲಕ್ಕೆ ಬಂತು. ನೀವು ಅದನ್ನು ನೋಡಿದಿರಿ. ಟ್ರ್ಯಾಕ್ಟರ್ ನಿಲ್ಲಿಸಿ ನೋಡಿದಿರಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದಿರಿ, ಅದರ ಮುಂದೆ ನಿಂತು ಫೋಟೊ ಹೊಡೆಸಿಕೊಂಡಿರಿ. ಅದರ ಎರಡೂ ಮಗ್ಗುಲಿಗೆ ಚಾಚಿದ್ದ ಉದ್ದನೆಯ ಕೋಲುಗಳನ್ನು ಮಾಡಿದ ಮನುಷ್ಯ ಅದೇ ಸಂತೆ ಮೈದಾನದ ತಂತಿ ಬೇಲಿಯ ಹತ್ತಿರ ನಿಂತಿದ್ದರು. ಅವರನ್ನು ಮಾತ್ರ ನೀವು ನೋಡಲಿಲ್ಲ.

ಅವರ ಹೆಸರು ಭೀಮಶಿ. ಮುರಗೋಡದವರು. ಐವತ್ತೆರಡು ವಯಸ್ಸು, ವೆಲ್ಡಿಂಗ್ ಕೆಲಸ. ಈಗ ಬಜಾರಿನಲ್ಲಿ ನೀವು ಅವರಿಗೆ ಇಟ್ಟಿರುವ ಹೆಸರು ಬೇರೆ: ‘ಗೂಟದ ಕಳ್ಳ’. ಆ ಹೆಸರು ಹೇಗೆ ಬಂತು, ಯಾರು ತಂದರು ಎಂಬುದನ್ನು ಹೇಳುತ್ತೇನೆ. ನಿಂತು ಕೇಳುವಷ್ಟು ಪುರಸೊತ್ತು ನಿಮಗಿದೆ. ಬೋಟು ನೋಡಲು ಅರ್ಧ ದಿನ ನಿಂತವರಲ್ಲವೇ ನೀವು?

ಭೀಮಶಿಯವರ ಅಪ್ಪ ನೀಲಪ್ಪ ಊರ ಕೆಲಸ ಮಾಡಿಕೊಂಡಿದ್ದವರು. ಕರೆದಾಗ ಹೋಗುವುದು, ಕೊಟ್ಟದ್ದನ್ನು ಅಂಗಳದ ಹೊರಗೆ ನಿಂತು ಇಸಿದುಕೊಳ್ಳುವುದು. ಒಂದು ದಿನ ಅವರು ಅದನ್ನು ಬಿಟ್ಟರು. ಮನೆಯ ಗೋಡೆಗೆ ಬುದ್ಧನ ಪಟ ಬಂತು, ಪಕ್ಕದಲ್ಲಿ ನೀಲಿ ಕೋಟಿನ ಬಾಬಾಸಾಹೇಬರದು. ಮಗನನ್ನು ಹುಬ್ಬಳ್ಳಿಯ ವೆಲ್ಡಿಂಗ್ ಶಾಪಿಗೆ ಕಳಿಸುವಾಗ ಬಸ್ಸಿನ ಕಿಟಕಿ ಹಿಡಿದು ಹೇಳಿದ್ದು ಒಂದೇ ಮಾತು: “ಕೈಯಾಗ ಕೆಲಸ ಇಟಗೊ, ಕೈ ಒಡ್ಡಬ್ಯಾಡ.”

ಹನ್ನೊಂದು ವರ್ಷದ ಮೇಲೆ ಭೀಮಶಿ ಮುರಗೋಡಕ್ಕೆ ಬಂದು ತಗಡಿನ ಶೆಡ್ ಹಾಕಿದರು. ಮೊದಲು ಬಾಗಿಲು, ಕಿಟಕಿ, ಟ್ರೇಲರಿನ ಹಲಗೆ. ಆಮೇಲೆ ಬೂಮ್. ಬೂಮ್ ಎಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಟ್ರ್ಯಾಕ್ಟರಿನ ಹಿಂದೆ ಎರಡೂ ಕಡೆ ಇಪ್ಪತ್ತು ಇಪ್ಪತ್ತು ಫೂಟು ತೋಳು ಚಾಚಿ, ಒಂದೇ ಸುತ್ತಿಗೆ ಅರ್ಧ ಎಕರೆ ಹತ್ತಿಗೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವ ಸಾಧನ. ಸವದತ್ತಿ, ರಾಮದುರ್ಗ, ಬೈಲಹೊಂಗಲದ ಹೊಲಗಳಲ್ಲಿ ಇವತ್ತು ತಿರುಗುವ ಬೂಮುಗಳಲ್ಲಿ ಎಷ್ಟೋ ಅವರ ಶೆಡ್ಡಿನಿಂದ ಹೊರಟವು.

ಅವರ ಮೊದಲನೇ ಬೂಮು ಸಾಲಹಳ್ಳಿಯ ಯಮನಪ್ಪ ಎಂಬ ರೈತರಿಗೆ ಹೋಯಿತು. ಅದರಲ್ಲಿ ತೋಳನ್ನು ಬುಡಕ್ಕೆ ಹಿಡಿದಿದ್ದದ್ದು ದಪ್ಪನೆಯ ಸ್ಟೀಲ್ ಬೋಲ್ಟು. ಎರಡನೇ ವಾರ ತೋಳಿನ ತುದಿ ಬದುವಿನ ಬೇವಿನ ಗಿಡಕ್ಕೆ ಬಡಿಯಿತು. ಬೋಲ್ಟು ಅಲುಗಲಿಲ್ಲ. ಅಲುಗದ್ದರಿಂದ ಬುಡವೇ ಹರಿದು ಇಡೀ ತೋಳು ತಿರುಗಿ ಬಂದು ಯಮನಪ್ಪ ಅವರ ಹೆಗಲೆಲುಬು ಮುರಿಯಿತು. ಭೀಮಶಿ ಬಸ್ಸು ಹತ್ತಿ ಸಾಲಹಳ್ಳಿಗೆ ಹೋದರು. ಬೈಗುಳ ತಿನ್ನಲು ತಯಾರಾಗಿಯೇ ಹೋಗಿದ್ದರು. ಯಮನಪ್ಪ ಅವರ ಹೆಂಡತಿ ಶಟ್ಟೆವ್ವ ಕಟ್ಟೆಯ ಮೇಲೆ ಕೂತು ಬೀಸುವ ಕಲ್ಲಿಗೆ ಹೊಸ ಗೂಟ ಬಡಿಯುತ್ತಿದ್ದರು.

“ಇದೂ ನಿಮ್ಮಂಗ ಮುರಕೊಂಡು ಕುಂತೈತಿ ನೋಡ್ರಿ,” ಎಂದು ಗಂಡನಿಗೆ ಚುಚ್ಚಿ, ಭೀಮಶಿಯತ್ತ ತಿರುಗಿದರು. “ಏನಪಾ, ಗೂಟ ಮುರದರ ಹೊಸಾದ ಬಡೀಬಹುದು. ಕಲ್ಲ ಒಡದರ ಏನ್ ಮಾಡೂನು? ನಿನ್ನ ಮಶೀನಿಗೆ ಅಷ್ಟ ಬುದ್ಧಿ ಇಲ್ಲೇನು?”

ಭೀಮಶಿ ಆ ಹಳೆಯ ಗೂಟದ ಮುರಿದ ತುಂಡನ್ನು ಕೇಳಿ ಪಡೆದು ಕಿಸೆಯಲ್ಲಿ ಹಾಕಿಕೊಂಡು ಬಂದರು. ಅವತ್ತಿನಿಂದ ಅವರ ಯಾವ ಬೂಮಿನ ಬುಡದಲ್ಲೂ ಬೋಲ್ಟು ಇಲ್ಲ. ಒಣಗಿದ ಜಾಲಿ ಕಟ್ಟಿಗೆಯ ಗೂಟ, ಹೆಬ್ಬೆರಳು ದಪ್ಪ. ತೋಳು ಗಿಡಕ್ಕೆ ಬಡಿದರೆ ಗೂಟ ಮುರಿಯುತ್ತದೆ, ತೋಳು ಹಿಂದಕ್ಕೆ ಮಡಚಿಕೊಳ್ಳುತ್ತದೆ, ಒಂದು ಗೇಣು ಸರಪಳಿ ಅದನ್ನು ಕೆಳಗೆ ಬೀಳದ ಹಾಗೆ ಹಿಡಿಯುತ್ತದೆ. ಡ್ರೈವರ್ ಇಳಿದು ಹೊಸ ಗೂಟ ಬಡಿದು ಬೀಡಿ ಹಚ್ಚಿಕೊಂಡು ಮುಂದೆ ಹೋಗುತ್ತಾನೆ. ಹದಿನಾರು ವರ್ಷದಲ್ಲಿ ಆ ಬೂಮುಗಳಿಂದ ಇನ್ನೊಬ್ಬನ ಎಲುಬು ಮುರಿದಿಲ್ಲ.

ಈಗ ಬೋಟಿನ ಯಜಮಾನನ ಕಡೆ ಬರೋಣ. ಮಲಕಾಜಪ್ಪ, ಬೈಲಹೊಂಗಲದ ರಸ್ತೆ ಗುತ್ತಿಗೆದಾರ. ಅವನು ಹಾಸಿದ ಡಾಂಬರು ಮೊದಲ ಮಳೆಗೆ ಎದ್ದು ನಿಮ್ಮ ಚಪ್ಪಲಿಗೆ ಅಂಟಿಕೊಂಡು ನಿಮ್ಮ ಮನೆಗೇ ಬರುತ್ತದೆ. ಆದರೂ ಅವನು ಬಂದರೆ ಕುರ್ಚಿ ಬಿಟ್ಟು ಏಳುತ್ತೀರಿ. ಮಲಕಾಜಪ್ಪನಿಗೆ ಈಜು ಬರುವುದಿಲ್ಲ. ಅವನ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಆದರೆ ಹುಬ್ಬಳ್ಳಿಯ ಇನ್ನೊಬ್ಬ ಗುತ್ತಿಗೆದಾರ ಕಾರವಾರದಲ್ಲಿ ಬೋಟು ಇಟ್ಟಿದ್ದಾನೆ, ಬಿಲ್ಲಿಗೆ ಸಹಿ ಹಾಕುವ ಸಾಹೇಬರನ್ನು ಅದರಲ್ಲಿ ಕೂರಿಸಿಕೊಂಡು ಹೋಗಿ ಮೀನು ಹಿಡಿಸುತ್ತಾನೆ ಎಂದು ತಿಳಿದ ದಿನದಿಂದ ಮಲಕಾಜಪ್ಪನಿಗೆ ಸಮುದ್ರದ ಮೇಲೆ ವಿಪರೀತ ಪ್ರೀತಿ ಹುಟ್ಟಿತು. ಗೋವಾದಲ್ಲಿ ಯಾರೋ ಬಳಸಿ ಬಿಟ್ಟ ಇಪ್ಪತ್ತೊಂದು ಫೂಟಿನ ಬೋಟು ಕೊಂಡ. ಅದನ್ನು ನಡೆಸಲು ಪರಶುವನ್ನು ಇಟ್ಟುಕೊಂಡ. ಪರಶು ಭೀಮಶಿಯವರ ಹೆಂಡತಿ ರೇಣು ಅವರ ತಮ್ಮ. ಸವದತ್ತಿಯ ಹಿನ್ನೀರಿನಲ್ಲಿ ಬಲೆ ಬೀಸಿ ಬೆಳೆದವನು, ಎಂಟು ವರ್ಷ ಕಾರವಾರ, ಮಲ್ಪೆಯ ಮೀನು ಬೋಟುಗಳಲ್ಲಿ ಖಲಾಸಿಯಾಗಿ ದುಡಿದವನು. ಎರಡು ಮಕ್ಕಳ ತಂದೆ.

ಬೋಟು ಬಂದರೆ ಸಾಕೇ? ಹುಬ್ಬಳ್ಳಿಯವನ ಬೋಟಿಗೆ ಎರಡು ಕೋಲುಗಳಿದ್ದವು. ಔಟ್‌ರಿಗರ್ ಎನ್ನುತ್ತಾರೆ ಅವಕ್ಕೆ. ಮೋಜಿಗೆ ಮೀನು ಹಿಡಿಯುವವರು ಬೋಟನ್ನು ಮೆಲ್ಲಗೆ ಓಡಿಸುತ್ತ ಹಿಂದೆ ನಾಲ್ಕೈದು ಗಾಳ ಬಿಟ್ಟಿರುತ್ತಾರೆ. ದಾರಗಳು ಒಂದಕ್ಕೊಂದು ಸುತ್ತಿಕೊಳ್ಳದಂತೆ ಎರಡೂ ಮಗ್ಗುಲಿಗೆ ಕೋಲು ಚಾಚಿ, ಅವುಗಳ ತುದಿಯ ಚಿಮಟದಲ್ಲಿ ದಾರ ಸಿಕ್ಕಿಸಿ ದೂರ ದೂರ ಹಿಡಿಯುತ್ತಾರೆ. ಮೀನು ಕಚ್ಚಿ ಎಳೆದ ಕೂಡಲೇ ಚಿಮಟ ದಾರವನ್ನು ಬಿಟ್ಟುಬಿಡುತ್ತದೆ. ಕೆಲಸ ಇಷ್ಟೇ. ಗೋವಾದ ಅಂಗಡಿಯವನು ಬೋಟಿನ ಅಳತೆ ಕೇಳಿ, ಹದಿನೈದು ಫೂಟಿಗಿಂತ ಉದ್ದದ ಕೋಲು ಈ ಬೋಟಿಗೆ ಕೊಡುವುದಿಲ್ಲ ಎಂದ. ಮಲಕಾಜಪ್ಪನಿಗೆ ಅವಮಾನವಾಯಿತು. ‘ಕೊಡುವುದಿಲ್ಲ’ ಎಂಬ ಮಾತನ್ನು ಅವನು ಯಾವ ಕಚೇರಿಯಲ್ಲೂ ಕೇಳಿದವನಲ್ಲ. ಆಗ ಪರಶು ಬಾಯಿ ತಪ್ಪಿ ಆಡಿದ: ನಮ್ಮ ಮಾವ, ಅಕ್ಕನ ಗಂಡ, ಟ್ರ್ಯಾಕ್ಟರಿಗೆ ಇಂಥ ತೋಳು ಮಾಡುತ್ತಾರೆ.

ಮಲಕಾಜಪ್ಪ ಮುರಗೋಡದ ಶೆಡ್ಡಿಗೆ ಬಂದ. ಜೊತೆಗೆ ಅವನ ಅಳಿಯ ಆಕಾಶ. ನಲವತ್ತು ವಯಸ್ಸಾದ ಈ ಗೃಹಸ್ಥನ ಉದ್ಯೋಗ, ಮಾವ ಹೇಳಿದ್ದಕ್ಕೆ ಹೌದು ಎನ್ನುವುದು ಮತ್ತು ಮೊಬೈಲಿನಲ್ಲಿ ಅದಕ್ಕೆ ಸಾಕ್ಷಿ ಹುಡುಕುವುದು. ಭೀಮಶಿ ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೊಟ್ಟರು, ಎದುರಿನ ಅಂಗಡಿಗೆ ಚಹಾ ಹೇಳಿದರು.

“ಬ್ಯಾಡೊ, ಈಗರ ಆತು,” ಎಂದ ಮಲಕಾಜಪ್ಪ. ಚಹಾ ಬಂತು, ಎರಡು ಕಪ್ಪೂ ಕಟ್ಟೆಯ ಮೇಲೆ ಆರಿದವು. ಸ್ವಲ್ಪ ಹೊತ್ತಿಗೆ ಅವನು ಕಾರಿನಿಂದ ತನ್ನ ಬಾಟಲಿ ತರಿಸಿ ನೀರು ಕುಡಿದ. ಆ ಶೆಡ್ಡಿಗೆ ಬರುವ ಬಹಳ ಮಂದಿಗೆ ಚಹಾ ‘ಈಗರ ಆಗಿರುತ್ತದೆ’, ಈಗಷ್ಟೇ ಕುಡಿದು ಬಂದಿರುತ್ತಾರೆ. ಬೆಳಿಗ್ಗೆ ಏಳಕ್ಕೆ ಬಂದವರಿಗೂ ಆಗಿರುತ್ತದೆ.

ಆಕಾಶ ಮೊಬೈಲ್ ಚಾಚಿದ. “ನೋಡೊ ಭೀಮಶಿ, ಇಂಥಾವ ಎರಡ ರೆಕ್ಕಿ ಬೇಕು. ಇಪ್ಪತ್ತೆರಡ ಫೂಟಿನ್ವು.”

“ಬೋಟ ಎಷ್ಟ ಉದ್ದ ಐತ್ರಿ?”

“ಇಪ್ಪತ್ತೊಂದ.”

“ಅಂದ್ರ ಬೋಟಕ್ಕಿಂತ ರೆಕ್ಕಿನ ಉದ್ದ ಆತಲ್ರಿ ಸಾವ್ಕಾರ್ರ.”

“ಹುಬ್ಬಳ್ಳಿಯಂವನ್ವು ಇಪ್ಪತ್ತ ಅದಾವು,” ಎಂದ ಮಲಕಾಜಪ್ಪ. ಅಲ್ಲಿಗೆ ಅಳತೆಯ ಮಾತು ಮುಗಿಯಿತು. ಹುಬ್ಬಳ್ಳಿಯವನ ಬೋಟು ಮೂವತ್ತೆರಡು ಫೂಟಿನದು ಎಂಬುದನ್ನು ಅವನು ಹೇಳಲಿಲ್ಲ. ಪರಶು ಆಮೇಲೆ ಹೇಳಿದ.

ಭೀಮಶಿ ಚಾಕ್‌ಪೀಸ್ ತೆಗೆದುಕೊಂಡು ನೆಲದ ಮೇಲೆ ಬೋಟು ಬರೆದರು. “ಇದರ ಬುಡ ಎಲ್ಲಿ ಕುಂದರತೈತ್ರಿ?”

“ಮ್ಯಾಲೆ, ನೆರಳಿಗೆ ಇರೂ ಟಾಪಿನ ಮ್ಯಾಲೆ.”

“ಟಾಪ್ ಎದರದರಿ?”

“ಫೈಬರ್. ಗಟ್ಟಿ ಐತಿ ಬಿಡೊ,” ಎಂದ ಆಕಾಶ. “ಮಾವಾರ ಕುಂತ ನೋಡ್ಯಾರ ಅದರ ಮ್ಯಾಲೆ.”

“ಕುಂದ್ರೂದ ಬ್ಯಾರೆ, ಜಗ್ಗೂದ ಬ್ಯಾರೆ ಅಲ್ರಿ. ತೆರಿ ಬಂದಾಗೆಲ್ಲ ಈ ಕೋಲ ಬುಡಾ ಹಿಡದ ಅಳ್ಳಾಡಸತೈತಿ. ಹದಿನೈದ ಸಾಕ್ರಿ. ಟಾಪಿನ ಕೆಳಗೊಂದ ಅಲ್ಯುಮಿನಿಯಂ ಪ್ಲೇಟ್ ಕೊಡೂನು.”

“ಕೆಳಗ ಲೈಟಿನ ಪಟ್ಟಿ ಅದಾವು. ಪ್ಲೇಟ್ ಹಾಕಿದ್ರ ಶೋ ಹಾಳಾಕ್ಕೈತಿ,” ಎಂದ ಆಕಾಶ.

ಭೀಮಶಿ ಕೊನೆಯ ಪ್ರಶ್ನೆ ಕೇಳಿದರು. “ಇದರ ಕೆಳಗ ಯಾರ ನಿಂದ್ರತಾರ್ರಿ?”

“ಯಾರ ನಿಂದ್ರತಾರ? ನಿನ್ನ ಹೆಂಡ್ತಿ ತಮ್ಮನ ನಿಂದ್ರತಾನ. ಗಾಳ ಕಟ್ಟಾಂವ ಅಂವನ ಅಲ್ಲ?” ಎಂದ ಮಲಕಾಜಪ್ಪ. “ಮತ್ತ ಕೇಳಿಲ್ಲಿ. ನಿಮ್ಮ ಬೂಮಿನ್ಯಾಗಿನ ಗೂಟ-ಗೀಟ ನಮ್ಮ ಬೋಟಿಗೆ ತರಬ್ಯಾಡ. ಸ್ಟೀಲ್ ಬೋಲ್ಟ ಇರಲಿ. ಸಾಹೇಬ್ರ ಮುಂದ ಥಳಥಳ ಅನಬೇಕು.”

ಭೀಮಶಿ ಚಾಕ್‌ಪೀಸ್ ಕೆಳಗಿಟ್ಟು, ನೋಡಿ ಹೇಳುತ್ತೇನೆ ಎಂದು ಕಳಿಸಿದರು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ತಾಟಿನ ಮುಂದೆ ಕೂತು ರೊಟ್ಟಿ ಮುರಿಯಲಿಲ್ಲ. ಒಲ್ಲೆ ಎಂದು ಹೇಳಿ ಕಳಿಸುತ್ತೇನೆ ಎಂದರು.

ರೇಣು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನೀವ್ ಒಲ್ಲೆ ಅಂದ್ರ ಏನಾತು? ಬ್ಯಾರೆದಾಂವ ಮಾಡ್ತಾನ, ಬೋಲ್ಟ ಜಡದ ಕೊಡ್ತಾನ. ಪರಶು ಅದರ ಕೆಳಗನ ನಿಂದ್ರತಾನ.”

“ಪರಶೂಗ ಕೆಲಸ ಬಿಡಂತ ಹೇಳು.”

“ಹೇಳೇನಿ. ಮಕ್ಕಳ ಸಾಲಿ ವರ್ಷ ಮುಗೀಲಿ ಅಕ್ಕಾ ಅಂತಾನ. ನೀವ ಮಾಡ್ರಿ. ನಿಮ್ಮ ಗೂಟಾನ ಹಾಕ್ರಿ.”

“ಅಂವ ಬೋಲ್ಟ ಅಂದಾನ. ಸುಳ್ಳ ಹೇಳಿದಂಗ ಆಕ್ಕೈತಿ.”

ರೇಣು ಆಗ ಕೈ ನಿಲ್ಲಿಸಿದರು. “ಆಗಲಿ. ನಿಮ್ಮ ಸುಳ್ಳ ನಾ ಹೊರತೇನಿ. ತಮ್ಮನ ಹೆಣಾ ಹೊರೂದ ನನ್ನಿಂದ ಆಗೂದಿಲ್ಲ.”

ಅಲ್ಯುಮಿನಿಯಂ ಬೆಸೆಯುವುದು ಕಬ್ಬಿಣ ಬೆಸೆದಷ್ಟು ಸಲೀಸಲ್ಲ. ಭೀಮಶಿ ಹತ್ತು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಬುಡಕ್ಕೆ ದಪ್ಪ ಪೈಪು, ನಡುವೆ ಸಣ್ಣದು, ತುದಿಗೆ ಇನ್ನೂ ಸಣ್ಣದು. ಉದ್ದ ಕಡಿಮೆ ಮಾಡಲಾಗದಿದ್ದರೆ ತುದಿಯ ಭಾರವಾದರೂ ಇಳಿಸಬೇಕಲ್ಲ. ಬುಡದಲ್ಲಿ ಎರಡು ಜಾಲಿ ಗೂಟ. ಬೂಮಿಗೆ ಹಾಕುವುದಕ್ಕಿಂತ ತೆಳ್ಳಗೆ ಹೆರೆದರು, ಏಕೆಂದರೆ ಫೈಬರಿನ ಟಾಪು ಟ್ರ್ಯಾಕ್ಟರಿನ ಕಬ್ಬಿಣದಷ್ಟು ತಾಳುವುದಿಲ್ಲ. ಗೇಣುದ್ದ ಸರಪಳಿ ಇಟ್ಟರು. ಆಮೇಲೆ ಗೂಟಗಳಿಗೆ ಬೆಳ್ಳಿ ಬಣ್ಣ ಬಳಿದರು. ಎರಡು ಸಲ ಬಳಿದರು.

ಇದನ್ನು ನಾನು ಮುಚ್ಚಿಡುವುದಿಲ್ಲ. ಅದು ಸುಳ್ಳು. ಬೋಲ್ಟು ಎಂದವನಿಗೆ ಅವರು ಬಣ್ಣ ಬಳಿದ ಕಟ್ಟಿಗೆ ಕೊಟ್ಟರು. ಡಾಂಬರು ಎಂದು ಬೂದಿ ಹಾಸುವವನಿಗೆ ಆಡಿದ ಸುಳ್ಳಾದರೂ ಸುಳ್ಳೇ. ಅದನ್ನು ಅಳೆಯುವ ಮುಂಚೆ ಅದರ ಕೆಳಗೆ ಯಾರು ನಿಂತಿದ್ದರು ಎಂಬುದನ್ನು ನೆನಪಿಟ್ಟುಕೊಳ್ಳಿ, ಅಷ್ಟೇ ನಾನು ಕೇಳುವುದು.

ಬೋಟು ಬೈಲಹೊಂಗಲಕ್ಕೆ ಬಂತು. ಭೀಮಶಿ ಮಲಕಾಜಪ್ಪನ ಗೋದಾಮಿನಲ್ಲಿ ಎರಡು ದಿನ ಕೂತು ಕೋಲು ಕೂರಿಸಿದರು. ಗೂಟದ ಮೇಲೆ ಬೆರಳಾಡಿಸಿ ಮಲಕಾಜಪ್ಪ “ಹಾಂ, ಇದು ಮಾಲು ಅಂದ್ರ,” ಎಂದ. ಜೀವಮಾನವೆಲ್ಲ ಮಾಲಿನಲ್ಲೇ ವ್ಯವಹಾರ ಮಾಡಿದವನ ಬೆರಳಿಗೆ ಕಟ್ಟಿಗೆಯ ತಂಪೂ ಸ್ಟೀಲಿನ ತಂಪೂ ಒಂದೇ ಆಗಿತ್ತು.

ಮೂರನೇ ದಿನ ಸಂತೆ ಮೈದಾನದಲ್ಲಿ ಪೂಜೆ. ಬೋಟಿಗೆ ಗಾಲಿ ಇಲ್ಲವಲ್ಲ, ಟ್ರೇಲರಿನ ಗಾಲಿಗೆ ನಿಂಬೆಹಣ್ಣು ಇಟ್ಟರು. ಕಾಯಿ ಒಡೆದರು. ಕೋಲುಗಳನ್ನು ಎರಡೂ ಕಡೆ ಚಾಚಿದಾಗ ನೀವು ಸಿಳ್ಳೆ ಹಾಕಿದಿರಿ. ಅಷ್ಟರಲ್ಲಿ ಆಕಾಶ ಕೆಂಪು ಬಟ್ಟೆಯ ಗಂಟು ಬಿಚ್ಚಿದ. ಒಳಗೆ ಎತ್ತಿನ ಕೋಡಿನ ತುದಿಗೆ ಹಾಕುವ ಹಿತ್ತಾಳೆಯ ಕೋಡಣಸುಗಳು, ಗೆಜ್ಜೆ ಸಮೇತ. ಮಲಕಾಜಪ್ಪನ ಅಜ್ಜನ ಜೋಡೆತ್ತು ಕಾರಹುಣ್ಣಿಮೆಗೆ ಅವುಗಳನ್ನು ತೊಟ್ಟು ಓಡುತ್ತಿದ್ದವಂತೆ. ಎತ್ತು ಹೋದವು, ಹೊಲ ಪ್ಲಾಟ್ ಆಯಿತು, ಹಿತ್ತಾಳೆ ಉಳಿದಿತ್ತು. ಅದನ್ನು ತಂದು ಇಪ್ಪತ್ತೆರಡು ಫೂಟಿನ ಕೋಲುಗಳ ತುದಿಗೆ ತೊಡಿಸಿ ತಂತಿಯಿಂದ ಬಿಗಿದರು.

ಬೇಲಿಯ ಹತ್ತಿರ ನಿಂತಿದ್ದ ಭೀಮಶಿ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದರು. “ಸಾವ್ಕಾರ್ರ, ಪೂಜಿ ಆದ ಮ್ಯಾಲೆ ಅವನ್ನ ತಗೀರಿ. ತುದೀಗೆ ಭಾರ ಹಾಕಬಾರದರಿ. ಪಾವಕಿಲೊ ಅಲ್ಲಿ ಕುಣದ್ರ ಬುಡಾ ಕಿತ್ತ ಬರತೈತಿ.”

“ಯಾಕೊ, ನಮ್ಮಜ್ಜನ ಎತ್ತು ಕಿತಗೊಂಡ ಬಿದ್ದಿದ್ವೇನ?” ಎಂದ ಮಲಕಾಜಪ್ಪ.

ನೀವು ನಕ್ಕಿರಿ. ಎತ್ತಿನ ಕೋಡು ಒಂದೂವರೆ ಫೂಟು ಇರುತ್ತದೆ, ಈ ಕೋಲು ಇಪ್ಪತ್ತೆರಡು ಫೂಟು ಎಂದು ನಿಮ್ಮಲ್ಲಿ ಒಬ್ಬನೂ ಹೇಳಲಿಲ್ಲ. ಎಲ್ಲರೂ ಎತ್ತು ಕಟ್ಟಿದ ಮನೆಯವರೇ. ಹೊಸದನ್ನು ಕೊಂಡಾಗ ಅದಕ್ಕೆ ಕೋಡು ಬಂದಿದೆ ಎಂದುಕೊಳ್ಳುವುದು, ಕೋಡು ಬಂದರೆ ಹಿತ್ತಾಳೆ ಬಡಿಯುವುದು, ಇದನ್ನು ನಮ್ಮ ಸೀಮೆಯವರಲ್ಲದೆ ಇನ್ಯಾರೂ ಮಾಡಲಾರರು.

ಭೀಮಶಿ ಪರಶುವನ್ನು ಟ್ರೇಲರಿನ ಹಿಂದಕ್ಕೆ ಕರೆದುಕೊಂಡು ಹೋದರು. “ಬುಡದಾಗಿಂದು ಕಟ್ಟಿಗಿ ಐತಿ. ಯಾರಿಗೂ ಹೇಳಬ್ಯಾಡ, ಬದಲ ಮಾಡಾಕ ಬಿಡಬ್ಯಾಡ. ಚಟ್ ಅಂದ್ರ ಹೆದರಬ್ಯಾಡ. ಮುರೀಲಿ ಅಂತನ ಹಾಕೇನಿ.”

“ಮಾವ, ಸಾವ್ಕಾರಗ ಗೊತ್ತಾದ್ರ?”

“ಗೊತ್ತಾಗೂದು ಮುರದ ಮ್ಯಾಲೇನ. ಅಷ್ಟೊತ್ತಿಗೆ ನೀ ಉಳದಿರತಿ.”

ದೀಪಾವಳಿ ಮುಗಿದ ಮೇಲಿನ ರವಿವಾರ ಕಾರವಾರದಿಂದ ಬೋಟು ಹೊರಟಿತು. ಮಲಕಾಜಪ್ಪ, ಆಕಾಶ, ಇಬ್ಬರು ಸಾಹೇಬರು, ಪರಶು. ದಂಡೆ ಕಾಣದಷ್ಟು ದೂರ ಹೋದ ಮೇಲೆ ಕೋಲು ಚಾಚಿದರು, ಗಾಳ ಬಿಟ್ಟರು. ಮಲಕಾಜಪ್ಪ ಕಂಬ ತಬ್ಬಿಕೊಂಡು ಕೂತಿದ್ದ, ಎರಡು ಸಲ ವಾಂತಿಯಾಗಿತ್ತು. ಗಾಳಿ ಸ್ವಲ್ಪ ಎದ್ದಿತು. ತೆರೆ ಮಗ್ಗುಲಿಗೆ ಬಡಿಯತೊಡಗಿದಾಗ ಕೋಲಿನ ತುದಿಯ ಹಿತ್ತಾಳೆ ಮೇಲೆ ಕೆಳಗೆ ತೂಗಿ ಗೆಜ್ಜೆ ಝಲ್ಲೆನ್ನುತ್ತಿತ್ತು. ಕೋಲು ಬಳುಕುವುದನ್ನು ನೋಡಿ ಪರಶು, “ಸಾವ್ಕಾರ್ರ, ಮಡಚೂನ್ರಿ,” ಎಂದ. “ಮೀನ ಸಿಗೂತನಾ ಬ್ಯಾಡ,” ಎಂದ ಆಕಾಶ.

ಸಾಹೇಬರೊಬ್ಬರ ಕೈಗೆ ಗಾಳದ ಕೋಲು ಕೊಡಲು ಪರಶು ಎಡಮಗ್ಗುಲಿಗೆ ಬಂದು ನಿಂತ. ಔಟ್‌ರಿಗರಿನ ಬುಡ ಅವನ ತಲೆಯ ಮೇಲೆಯೇ ಇತ್ತು. ದೊಡ್ಡ ತೆರೆಯೊಂದು ಬಂತು, ಬೋಟು ವಾಲಿತು, ಚಟ್ ಎಂದಿತು. ಎಡಗಡೆಯ ಉದ್ದನೆಯ ಕೋಲು ಅವನ ತಲೆಗಿಂತ ಒಂದು ಮೊಳ ಮೇಲೆ ಹಿಂದಕ್ಕೆ ತಿರುಗಿ, ಸರಪಳಿಗೆ ಜೋತು, ಬೋಟಿನ ಮಗ್ಗುಲಿಗೆ ಮಲಗಿತು. ಹಿತ್ತಾಳೆ ನೀರಿಗೆ ತಾಗಿ ಗೆಜ್ಜೆ ಸುಮ್ಮನಾಯಿತು. ಯಾರಿಗೂ ಗೀರು ಕೂಡ ಆಗಲಿಲ್ಲ.

ಒಬ್ಬ ಸಾಹೇಬರು ಬಿದ್ದು ಬಿದ್ದು ನಕ್ಕರು. “ಮಲಕಾಜಪ್ಪನೋರ, ನಿಮ್ಮ ಎತ್ತ ಕಾಲ ಮುರಕೊಂಡ್ತಲ್ರಿ!”

ಆ ನಗೆಯೇ ಇಷ್ಟಕ್ಕೆಲ್ಲ ಕಾರಣ. ಮಲಕಾಜಪ್ಪ ತೆವಳಿಕೊಂಡು ಬಂದು ಮುರಿದ ಗೂಟದ ತುಂಡು ಎತ್ತಿಕೊಂಡ. ಹೊರಗೆ ಬೆಳ್ಳಿ, ಒಳಗೆ ಕೆಂಪು ಜಾಲಿ. ಪರಶು ಟಾಪಿನ ಕಡೆ ಬೆರಳು ಮಾಡಿ ತೋರಿಸಿದ. ಬುಡ ಕೂರಿಸಿದ್ದ ನಾಲ್ಕು ತೂತುಗಳ ಸುತ್ತ ಫೈಬರು ಜೇಡರ ಬಲೆಯ ಹಾಗೆ ಸೀಳಿತ್ತು. ಗೂಟ ಇನ್ನೊಂದು ತೆರೆ ತಾಳಿದ್ದರೆ ಬುಡ, ಕೋಲು, ಅಜ್ಜನ ಹಿತ್ತಾಳೆ ಎಲ್ಲ ಸೇರಿ ಅವನ ನೆತ್ತಿಯ ಮೇಲೆ ಬರುತ್ತಿತ್ತು.

“ಆ ಬಿರುಕ ಹಳೇದ ಐತಿ,” ಎಂದ ಮಲಕಾಜಪ್ಪ. ಅವನ ಕಣ್ಣು ಗೂಟದ ಮೇಲಿತ್ತು. ಪರಶುವಿನ ನೆತ್ತಿಯ ಮೇಲೆ ಇರಲಿಲ್ಲ.

ದಂಡೆಗೆ ಬಂದ ಮೇಲೆ ಸಾಹೇಬರು ಹೊರಟುಹೋದರು. ಮಲಕಾಜಪ್ಪ ಪರಶುವಿಗೆ ಹೇಳಿದ: “ನಿಮ್ಮ ಮಾವ ಮೋಸ ಮಾಡ್ಯಾನ ಅಂತ ಬೈಲಹೊಂಗಲದಾಗ ನಾಕ ಮಂದಿ ಮುಂದ ಹೇಳು. ನಿನ್ನ ಕೆಲಸ ನಿನಗಿರತೈತಿ.”

“ಸಾವ್ಕಾರ್ರ, ಅದು ಮುರದದ್ದಕ್ಕ ನಾ ನಿಮ್ಮ ಮುಂದ ನಿಂತ ಮಾತಾಡಾಕ ಹತ್ತೇನಿ,” ಎಂದ ಪರಶು. “ಕೀ ತಗೋರಿ.” ಬೋಟಿನ ಕೀಲಿಯನ್ನು ಅವನ ಕೈಗೆ ಹಾಕಿ ಬಸ್ಸು ಹತ್ತಿದ. ಈಗ ಅವನು ಸವದತ್ತಿಯ ಹಿನ್ನೀರಿನಲ್ಲಿ ಹರಿಗೋಲು ಹಾಕಿಕೊಂಡು ಮತ್ತೆ ಬಲೆ ಬೀಸುತ್ತಾನೆ. ಎರಡು ಕೈ, ಒಂದು ತಲೆ, ಎಲ್ಲ ಸರಿಯಾಗಿವೆ. ಹೋಗಿ ಎಣಿಸಿಕೊಂಡು ಬನ್ನಿ.

ನಾಕು ಮಂದಿಯ ಮುಂದೆ ಹೇಳುವ ಕೆಲಸವನ್ನು ಮಲಕಾಜಪ್ಪನೇ ಮಾಡಿದ. ಬಜಾರಿನ ಚಹಾದಂಗಡಿಯ ಮೇಜಿನ ಮೇಲೆ ಮುರಿದ ಗೂಟ ಎಸೆದ. “ಸ್ಟೀಲ್ ಅಂತ ಹೇಳಿ ಕಟ್ಟಿಗಿ ತುರಕ್ಯಾನ. ಸಮುದ್ರದಾಗ ನಮ್ಮನ್ನ ಕೊಂದ ಬಿಡತಿದ್ದ.” ಆ ತುಂಡು ಕೈಯಿಂದ ಕೈಗೆ ದಾಟಿತು. ನೀವು ಉಗುರಿನಿಂದ ಬಣ್ಣ ಕೆರೆದು ನೋಡಿದಿರಿ, ತಲೆ ಅಲ್ಲಾಡಿಸಿದಿರಿ. ಮುರಿದದ್ದರಿಂದ ಯಾರಿಗೆ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ‘ಆ ಓಣಿಯವರು ಹಂಗ’ ಎಂದವರೂ ಇದ್ದರು. ಹಾಗೆಂದವನ ಟ್ರ್ಯಾಕ್ಟರು ಅಂಗಡಿಯ ಮುಂದೆಯೇ ನಿಂತಿತ್ತು, ಅದರ ಹಿಂದೆ ಆ ಓಣಿಯವರು ಮಾಡಿದ ಬೂಮು ಇತ್ತು, ಅದರ ಬುಡದಲ್ಲಿ ಅದೇ ಜಾಲಿ ಗೂಟ ಹತ್ತು ವರ್ಷದಿಂದ ಅವನ ಡ್ರೈವರನ ಹೆಗಲು ಕಾಯುತ್ತಿತ್ತು.

ಆಮೇಲೆ ನಡೆದದ್ದು ಇದಕ್ಕಿಂತ ಹೇಸಿಗೆ. ರೈತರು ಒಬ್ಬೊಬ್ಬರೇ ಮುರಗೋಡಕ್ಕೆ ಬಂದರು. “ನಮ್ದರಾಗೂ ಕಟ್ಟಿಗೀನ ಹಾಕೀಯೇನ? ತಗದ ಬೋಲ್ಟ ಹಾಕು.”

ಭೀಮಶಿ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು. “ನಿಮ್ದರಾಗ ಬಣ್ಣ ಬಳದಿಲ್ರಿ. ಕಟ್ಟಿಗಿ ಅಂತ ಹೇಳೇ ಹಾಕೇನಿ. ನಾ ಬೋಲ್ಟ ಹಾಕೂದಿಲ್ಲ.”

“ಹಾಕದಿದ್ರ ಬ್ಯಾರೆದಾಂವ ಹಾಕ್ತಾನ.”

“ಹಾಕಸ್ಕೋರಿ. ಆದ್ರ ಡ್ರೈವರ್ ಸೀಟಿನ್ಯಾಗ ನೀವ ಕುಂದರ್ರಿ, ಆಳಮಗನ್ನ ಕುಂದರಸಬ್ಯಾಡ್ರಿ.”

ಈ ಮಾತಿಗೆ ಸಿಟ್ಟಾಗಿ ಎದ್ದುಹೋದರು. ಬೇರೆ ಬೇರೆ ಲೇಥ್‌ಗಳಲ್ಲಿ ಗೂಟ ಕಿತ್ತು ಹೊಳೆಯುವ ಬೋಲ್ಟು ಬಡಿಸಿಕೊಂಡರು. ಸುಗ್ಗಿಯಾದ ಮೇಲೆ ಭೀಮಶಿಯವರಿಗೆ ಒಂದೂ ಹೊಸ ಬೂಮಿನ ಕೆಲಸ ಬಂದಿಲ್ಲ. ಶೆಡ್ಡಿನಲ್ಲಿ ಈಗ ಕಿಟಕಿ ಸರಳು, ಕೋಳಿ ಗೂಡು. ಅದರಿಂದ ಅವರು ಹಸಿದು ಕೂತಿಲ್ಲ, ಕೈಯಲ್ಲಿ ಕೆಲಸ ಇದ್ದವರು ಕೂರುವುದಿಲ್ಲ. ಅವರನ್ನು ತಿನ್ನುತ್ತಿರುವುದು ಆ ಬೋಲ್ಟುಗಳು. ಯಾವ ಹೊಲದ ಬದುವಿನಲ್ಲಿ ಯಾವ ಗಿಡ ಇದೆ ಎಂದು ಅವರಿಗೆ ಗೊತ್ತು, ಬೂಮು ಕೂರಿಸಲು ಆ ಹೊಲಗಳಿಗೆಲ್ಲ ಹೋಗಿ ಬಂದವರು.

ಹೋದ ತಿಂಗಳು ಸಾಲಹಳ್ಳಿಯ ಯಮನಪ್ಪ ಬಸ್ಸು ಹಿಡಿದು ಬಂದು ಆ ಶೆಡ್ಡಿನಲ್ಲಿ ಕೂತಿದ್ದರು. ವಯಸ್ಸಾಗಿದೆ, ಒಂದು ಹೆಗಲು ಇನ್ನೂ ಕೆಳಗಿದೆ. ಅಲ್ಲಿಗೆ ಹೋಗಿದ್ದ ನನಗೆ ಅಂಗಿ ಸರಿಸಿ ಎಲುಬು ಕೂಡಿದ ಗಂಟು ತೋರಿಸಿ ನಕ್ಕರು. “ಇದು ಬೋಲ್ಟಿನ ಕಾಲದ್ದ ನೋಡ್ರಿ. ಇದನ್ನ ಬೈಲಹೊಂಗಲದ ಬಜಾರದಾಗ ತೋರಸೂನಂತ ಬಂದಿದ್ದೆ. ಭೀಮಶಿ ಬ್ಯಾಡ ಅಂತಾನ.”

“ನಿಮ್ಮ ಅಂಗಿ ಬಿಚ್ಚಿಸಿ ನಾ ಮರ್ಯಾದಿ ಗಳಸ್ಲೇನ್ರಿ ಕಾಕಾ?” ಎಂದರು ಭೀಮಶಿ.

ಅವರು ಕೇಳುವುದಿಲ್ಲ. ಆದ್ದರಿಂದ ನಾನು ಕೇಳುತ್ತೇನೆ. ಈ ಪುಟ ಕೆಳಗಿಟ್ಟ ಕೂಡಲೇ ಎದ್ದು ನಿಮ್ಮ ಟ್ರ್ಯಾಕ್ಟರಿನ ಹಿಂದೆ ಹೋಗಿ. ಬೂಮಿನ ಬುಡಕ್ಕೆ ಕೈ ಹಾಕಿ. ತಣ್ಣಗೆ ಹೊಳೆಯುವ ಬೋಲ್ಟು ಸಿಕ್ಕರೆ ಅದನ್ನು ಈಗಲೇ ಬಿಚ್ಚಿ, ನಿಮ್ಮ ಡ್ರೈವರ್ ಮುಂದಿನ ಸಲ ಹೊಲಕ್ಕೆ ಇಳಿಯುವ ಮುಂಚೆ ಬಿಚ್ಚಿ. ಅದನ್ನು ಕಿಸೆಯಲ್ಲಿ ಹಾಕಿಕೊಂಡು ಮೊದಲು ಬಜಾರಿನ ಆ ಚಹಾದಂಗಡಿಗೆ ಹೋಗಿ, ಅದೇ ಮೇಜಿನ ಮೇಲೆ ಇಟ್ಟು, ಅವತ್ತು ಅಲ್ಲಿ ಆಡಿದ ಮಾತನ್ನು ಮಲಕಾಜಪ್ಪನಿಗೆ ಕೇಳಿಸುವ ಹಾಗೆ ವಾಪಸು ತೆಗೆದುಕೊಳ್ಳಿ. ಆಮೇಲೆ ಮುರಗೋಡಕ್ಕೆ ಹೋಗಿ, ಭೀಮಶಿಯವರ ಕೈಯಿಂದಲೇ ಜಾಲಿ ಗೂಟ ಹಾಕಿಸಿ. ಅವರು ಕುರ್ಚಿ ಒರೆಸಿ ಕೊಡುತ್ತಾರೆ, ಎದುರಿನ ಅಂಗಡಿಗೆ ಚಹಾ ಹೇಳುತ್ತಾರೆ. ‘ಈಗರ ಆತು’ ಎನ್ನಬೇಡಿ. ಕುಡಿಯಿರಿ.